ಬಾ, ಬೇಗ, ಬೇಡ

(ಪರದೇಶದಲ್ಲಿ ಪುಟ್ಟ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಮಕ್ಕಳನ್ನು ಎತ್ತಿಕೊಂಡು ನಿಂತಿರುವವರು ಆರಾಮಾಗಿ ಓಡಾಡಿ. ಮಗು ಅತ್ತರೆ ಹೊರಗೆ ಹೋಗಬೇಕಿಲ್ಲ. ಇವತ್ತಿನ ವಿಷಯ ಅವರದೇ ಅಲ್ವಾ?

ಒಂದು ಅವಮಾನದ ಕಥೆಯಿಂದ ಶುರು ಮಾಡುತ್ತೇನೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಭಾನುವಾರದ ವಿಡಿಯೋ ಕಾಲ್. ಆ ಕಡೆ ನಮ್ಮಪ್ಪ. ಮಾತಿನ ನಡುವೆ ಕನ್ನಡಕ ಹುಡುಕಲು ಎದ್ದು ಹೋದರು. ಇವಳು ಫೋನಿಗೆ ಮುಖ ಅಂಟಿಸಿ ಕೂಗಿದಳು: “ಎಷ್ಟು ಸಲ ಹೇಳ್ಬೇಕು ನಿಂಗೆ? ಬಾ ಇಲ್ಲಿ. ಬೇಗ! ಸುಮ್ನೆ ಕೂತ್ಕೋ!”

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಪ್ಪ ನಗುತ್ತಾ ಬಂದು ಕೂತರು. “ಬೇಜಾರು ಮಾಡ್ಕೋಬೇಡ. ಇದು ನಿಂದೇ ಕ್ಯಾಸೆಟ್ಟು ಕಣಮ್ಮ. ಅವಳ ಬಾಯಲ್ಲಿ ಓಡ್ತಾ ಇದೆ, ಅಷ್ಟೆ” ಅಂದರು.

ಮರುದಿನ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಮಗಳ ಜೊತೆ ಕನ್ನಡದಲ್ಲಿ ಏನೇನು ಹೇಳುತ್ತೇನೆ ಅಂತ ಬರೆಯುತ್ತಾ ಹೋದೆ. ಬಾ. ಬೇಗ. ಬೇಡ. ಎದ್ದೇಳು. ಹಲ್ಲುಜ್ಜು. ಶೂ ಹಾಕ್ಕೋ. ಮುಟ್ಟಬೇಡ. ಮಲಕ್ಕೋ. ಪ್ರಶ್ನೆಗಳೂ ಇದ್ದವು. “ಹಲ್ಲುಜ್ಜಿದ್ಯಾ?”, “ಯಾಕೆ ಹೀಗೆ ಮಾಡ್ತೀಯ?” ಎರಡನೆಯದಕ್ಕೆ ಯಾವ ಮಗುವೂ ಉತ್ತರ ಕೊಡುವುದಿಲ್ಲ. ಶಾಲೆಯಲ್ಲಿ ಏನಾಯಿತು, ಆ ಹುಡುಗ ಯಾಕೆ ತಳ್ಳಿದ, ಚಂದ್ರ ಯಾಕೆ ನಮ್ಮ ಹಿಂದೆಯೇ ಬರುತ್ತಾನೆ — ಇದೆಲ್ಲ ಶಾಲೆಯ ಭಾಷೆಯಲ್ಲೇ ನಡೆದಿತ್ತು. ಹಾಳೆಯಲ್ಲಿ ಒಂದೇ ಒಂದು ಬಣ್ಣದ ಹೆಸರು ಕನ್ನಡದಲ್ಲಿ ಇರಲಿಲ್ಲ. ಮೂರಕ್ಕಿಂತ ದೊಡ್ಡ ಸಂಖ್ಯೆಯೂ ಇರಲಿಲ್ಲ.

“ನಾವು ಮನೆಯಲ್ಲಿ ಕನ್ನಡಾನೇ ಮಾತಾಡೋದು” ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದವಳು ನಾನು. ಸುಳ್ಳೇನಲ್ಲ. ಆದರೆ ಅದು ಬರೀ ಅಪ್ಪಣೆಯ ಕನ್ನಡ. ಕೇಳುವ, ನಡೆಸಿಕೊಡುವ ಕನ್ನಡ. ಅದರಲ್ಲಿ ಮಗುವಿಗೆ ಆಡಲು ಕೆಲಸವೇ ಇರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಮಿಕ್ಕಿದ್ದೆಲ್ಲ ಇದರ ಸುತ್ತಮುತ್ತ.

ಮೊದಲು, ಪರದೇಶದಲ್ಲಿ ನಮ್ಮಂಥವರ ಮನೆಮಾತಿಗೆ ಹೇಳುವ ‘ಅಲ್ಪಸಂಖ್ಯಾತ ಭಾಷೆ’ ಅನ್ನೋ ಮಾತು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿ ಅಂತ ಬರೆಸಿದವರು ಸುಮಾರು 4.37 ಕೋಟಿ. ಇಷ್ಟು ಜನ ಇರುವ ಭಾಷೆ ಹೇಗೆ ಅಲ್ಪಸಂಖ್ಯಾತ ಆದೀತು? ಮಗುವಿನ ಕಣ್ಣಿಂದ ನೋಡಿ. ಆ ಕೋಟಿಗಳು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಇಬ್ಬರು. ಅವರಿಬ್ಬರಿಗೂ ಹೊರಗಿನ ಭಾಷೆ ಚೆನ್ನಾಗಿ ಬರುತ್ತದೆ ಅಂತ ಮಗುವಿಗೆ ಎರಡು-ಮೂರನೇ ವರ್ಷಕ್ಕೇ ಗೊತ್ತಾಗಿಬಿಡುತ್ತದೆ. ಮಕ್ಕಳು ಜಿಪುಣರು. ಒಂದು ಭಾಷೆಯಲ್ಲಿ ಕೆಲಸ ಆಗುತ್ತಿರುವಾಗ ಎರಡನೆಯದಕ್ಕೆ ಯಾಕೆ ಖರ್ಚು ಮಾಡಿಯಾರು?

ಎರಡು ಭಾಷೆಯಿಂದ ಮಗುವಿಗೆ ಗೊಂದಲ ಆಗುತ್ತದಾ ಅನ್ನುವ ಭಯ ಈ ಸಭೆಯಲ್ಲೂ ಕೆಲವರಿಗೆ ಇರಬಹುದು. ನಮಗೂ ಇತ್ತು. ಮಗಳಿಗೆ ಎರಡೂವರೆ ವರ್ಷ ಇದ್ದಾಗ, ಅವಳ ಪದಗಳು ಕಡಿಮೆ ಅಂತ ನೋಡಿದ ಒಬ್ಬ ತಜ್ಞರು “ಕನ್ನಡ ನಿಲ್ಲಿಸಿ, ಒಂದೇ ಭಾಷೆ ಸಾಕು” ಅಂದರು. ಅವರು ಎಣಿಸಿದ್ದು ಶಾಲೆಯ ಭಾಷೆಯ ಪದಗಳನ್ನು ಮಾತ್ರ. ಒಂದು ಜೇಬಿನ ದುಡ್ಡು ಎಣಿಸಿ ಬಡವರು ಅಂದ ಹಾಗೆ. ಬಾರ್ಬರಾ ಪಿಯರ್‌ಸನ್ ಮತ್ತು ಅವರ ಜೊತೆಗಾರರು 1993ರಲ್ಲಿ ಸ್ಪ್ಯಾನಿಶ್ ಮತ್ತು ಇಂಗ್ಲಿಷ್ ಎರಡೂ ಕಲಿಯುತ್ತಿದ್ದ ಪುಟ್ಟ ಮಕ್ಕಳ ಪದಗಳನ್ನು ಎರಡೂ ಜೇಬಿನಿಂದ ತೆಗೆದು ಎಣಿಸಿದರು. ಕೂಡಿಸಿ ನೋಡಿದರೆ ಅವರು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ನಾವೂ ಮನೆಗೆ ಬಂದು ಅದೇ ಮಾಡಿದೆವು. ರಾತ್ರಿ ಹತ್ತು ಗಂಟೆಗೆ, ಗಂಡ ಹೆಂಡತಿ ಇಬ್ಬರೂ ಪೆನ್ನು ಹಿಡಿದು, ‘ಉಚ್ಚೆ’ಯನ್ನೂ ಸೇರಿಸಿ.

ಈ ಭಯಕ್ಕೆ ಹಳೇ ಬೇರಿದೆ. ವೇಲ್ಸ್‌ನಲ್ಲಿ 1923ರಲ್ಲಿ ಡಿ. ಜೆ. ಸೇರ್ ಎಂಬವರು ಪರೀಕ್ಷೆ ಮಾಡಿ, ಎರಡು ಭಾಷೆಯ ಮಕ್ಕಳು ಬುದ್ಧಿಯಲ್ಲಿ ಹಿಂದೆ ಅಂದರು. ಮಕ್ಕಳ ಮನೆಯ ಸ್ಥಿತಿಗತಿ ಏನು, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಅನ್ನೋದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಅಂಥ ತಪ್ಪುಗಳನ್ನು ಸರಿಮಾಡಿಕೊಂಡು ಹತ್ತು ವರ್ಷದ ಮಕ್ಕಳನ್ನು ನೋಡಿದರು. ಫಲ ತಿರುಗಾಮುರುಗಾ ಆಯಿತು. ಹಾಗಂತ ಎರಡು ಭಾಷೆ ಬಂದರೆ ಬುದ್ಧಿ ಚುರುಕಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವುದನ್ನೂ ಪೂರ್ತಿ ನಂಬಬೇಡಿ. ಅದರ ಮೇಲೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಮಗು ಜಾಣ ಆಗಲಿ ಅಂತ ಕನ್ನಡ ಕಲಿಸುವುದು ನನಗ್ಯಾಕೋ ಸರಿ ಬರುವುದಿಲ್ಲ. ಅಜ್ಜನ ಜೊತೆ ಜಗಳ ಆಡೋಕೆ ಬರಲಿ ಅಂತ ಕಲಿಸಿದರೆ ಸಾಕು.

ಒಂದು ಎಚ್ಚರ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ನಿಜವಾದ ಮಾತಿನ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಎರಡು ವರ್ಷಕ್ಕೆ, ಎರಡೂ ಭಾಷೆ ಸೇರಿಸಿ ಎಣಿಸಿದರೂ 50 ಪದ ಇಲ್ಲ, ಎರಡು ಪದ ಜೋಡಿಸುತ್ತಿಲ್ಲ ಅಂದರೆ ಕಿವಿ ಪರೀಕ್ಷೆ ಮಾಡಿಸಿ, ತಜ್ಞರನ್ನು ನೋಡಿ. “ಎರಡು ಭಾಷೆ ಅಲ್ವಾ, ತಡ ಆಗುತ್ತೆ ಬಿಡಿ” ಅಂತ ಕಾಯಬೇಡಿ.

ಈಗ ಕಿವಿಯ ವಿಷಯ. ನನಗೆ ಇದು ತುಂಬಾ ಇಷ್ಟ. 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ ಎರಡು ಸದ್ದು ಕೇಳಿಸಿದರು. ನಮ್ಮ ತ ಮತ್ತು ಟ ಇದ್ದ ಹಾಗೆ. ಆರೆಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಬೇರೆ ಅಂತ ಗುರುತಿಸಿದವು. ಹತ್ತು-ಹನ್ನೆರಡು ತಿಂಗಳಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಅಂದರೆ ‘ಕತ್ತು’, ‘ಕಟ್ಟು’ ಎರಡೂ ಒಂದೇ ಥರ ಕೇಳೋಕೆ ಶುರುವಾಗುವುದು ಮೊದಲ ವರ್ಷದ ಒಳಗೇ. ಮಗು ಒಂದು ಪದವನ್ನೂ ಆಡದ ಕಾಲ ಅದು. ಮಾತು ಬಂದಮೇಲೆ ಕಲಿಸೋಣ ಅಂತ ಕಾಯುವವರು ಈ ವರ್ಷವನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಆಮೇಲೆ ಕಲಿಯೋಕೇ ಆಗಲ್ಲ ಅಂತಲ್ಲ, ಕಷ್ಟ ಜಾಸ್ತಿ. ಹುಲಿ, ಹುಳಿ ಎರಡನ್ನೂ ಒಂದೇ ಮಾಡುವ ದೊಡ್ಡವರನ್ನು ನೀವು ಕಂಡಿರಬಹುದು.

ಹಾಗಾದರೆ ತೊಟ್ಟಿಲ ಪಕ್ಕ ಕನ್ನಡ ಟಿವಿ ಹಾಕಿಬಿಡೋಣವಾ? ಅದನ್ನೂ ನೋಡಿದ್ದಾರೆ. 2003ರಲ್ಲಿ ಪ್ಯಾಟ್ರಿಶಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಹನ್ನೆರಡು ಸಲ. ಒಂದು ಗುಂಪಿಗೆ ಎದುರಿಗೆ ಕೂತು ಆಡಿಸಿದರು, ಓದಿ ಹೇಳಿದರು. ಇನ್ನೊಂದಕ್ಕೆ ಅದನ್ನೇ ತೆರೆಯ ಮೇಲೆ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಗುಂಪು ಆ ಭಾಷೆಯ ಸದ್ದನ್ನು ಹಿಡಿಯಿತು. ತೆರೆ ನೋಡಿದ ಗುಂಪು ಹಿಡಿಯಲಿಲ್ಲ. ವಿಡಿಯೋ ಕಾಲ್ ಮಾತ್ರ ಬೇರೆ ಲೆಕ್ಕ. ಆ ಕಡೆಯವರು ಮಗುವಿನ ಮುಖ ನೋಡಿ ಉತ್ತರ ಕೊಡುತ್ತಾರೆ. ಎರಡು-ಎರಡೂವರೆ ವರ್ಷದ ಮಕ್ಕಳು ಅಂಥ ನೇರ ಮಾತುಕತೆಯಿಂದ ಹೊಸ ಪದ ಕಲಿತರು, ಅದರದೇ ರೆಕಾರ್ಡಿಂಗ್ ನೋಡಿ ಕಲಿಯಲಿಲ್ಲ ಅಂತ 2014ರ ಒಂದು ಅಧ್ಯಯನ ಹೇಳುತ್ತದೆ. ಹಾಗಾಗಿ ಅಜ್ಜ ಅಜ್ಜಿ “ಮಗು ಮಾತೇ ಆಡಲ್ಲ, ಬರೀ ನೋಡುತ್ತೆ” ಅಂದರೆ, ಮಾತಾಡ್ತಾ ಇರಿ ಅನ್ನಿ.

ಮನೆಯ ನಿಯಮಕ್ಕೆ ಬರೋಣ. ‘ಒಬ್ಬರಿಗೆ ಒಂದು ಭಾಷೆ’ ಅನ್ನುವ ಸೂತ್ರ ಎಲ್ಲರೂ ಕೇಳಿದ್ದೀರಿ. ಜೂಲ್ ರೊಂಜಾ ಎಂಬ ಫ್ರೆಂಚ್ ಭಾಷಾವಿಜ್ಞಾನಿ ತನ್ನ ಮಗನನ್ನು ಹಾಗೆ ಬೆಳೆಸಿ 1913ರಲ್ಲಿ ಬರೆದಿಟ್ಟ. ಅವನು ಫ್ರೆಂಚ್, ಹೆಂಡತಿ ಜರ್ಮನ್. ಅವರ ಮನೆಯಲ್ಲಿ ಚೆನ್ನಾಗಿಯೇ ಆಯಿತು. ಆದರೆ ಒಂದು ಮನೆಯ ಕಥೆಯನ್ನು ಶಾಸ್ತ್ರ ಮಾಡಿಕೊಳ್ಳಬಾರದು. ಬೆಲ್ಜಿಯಂನ ಡಚ್ ಮಾತಾಡುವ ಭಾಗದಲ್ಲಿ ಅನಿಕ್ ದ ಹೌವರ್ ಎಂಬ ಸಂಶೋಧಕಿ, ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಮನೆಯಲ್ಲಿ ಡಚ್ ಅಲ್ಲದ ಭಾಷೆ ಆಡುವ 1,899 ಕುಟುಂಬಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಇಂಥ ನಾಲ್ಕು ಮನೆಗಳಲ್ಲಿ ಸುಮಾರು ಒಂದರಲ್ಲಿ ಮಕ್ಕಳು ಮನೆಮಾತನ್ನು ಆಡುತ್ತಲೇ ಇರಲಿಲ್ಲ. ‘ಒಬ್ಬರಿಗೆ ಒಂದು’ ಪಾಲಿಸಿದ ಮನೆಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಅಪ್ಪ ಅಮ್ಮ ಇಬ್ಬರೂ ಮನೆಮಾತು ಆಡುವ, ಹೆಚ್ಚೆಂದರೆ ಒಬ್ಬರು ಮಾತ್ರ ಹೊರಗಿನ ಭಾಷೆಯನ್ನೂ ಬೆರೆಸುವ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಭಾಷೆ ಉಳಿದಿತ್ತು. ಹೊರಗಿನ ಭಾಷೆಗೆ ನಮ್ಮ ಸಹಾಯ ಬೇಕಿಲ್ಲ ಅಂತ ಅರ್ಥ. ಅದಕ್ಕೆ ಶಾಲೆ ಇದೆ, ಆಟದ ಮೈದಾನ ಇದೆ, ಇಡೀ ದೇಶ ಇದೆ.

ಇಬ್ಬರೂ ಕನ್ನಡವೇ ಆಡಿದರೂ ಮಗು ಉತ್ತರ ಕೊಡುವುದು ಶಾಲೆಯ ಭಾಷೆಯಲ್ಲಿ. ಆಗೇನು ಮಾಡೋದು? ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಎಲಿಜಬೆತ್ ಲಾಂಜಾ ಅವರ ಕೆಲಸ. ನಾರ್ವೆಯಲ್ಲಿ ಎರಡು ಭಾಷೆಯ ಮನೆಗಳಲ್ಲಿ ಅಪ್ಪ ಅಮ್ಮ ಮಗುವಿಗೆ ಏನು ಉತ್ತರ ಕೊಡುತ್ತಾರೆ ಅಂತ ಅವರು ಗಮನಿಸಿದರು. ನಮ್ಮ ಮನೆಯ ಮಾತಿಗೆ ಅದನ್ನು ಇಳಿಸಿಕೊಳ್ಳೋಣ. ಮಗು ಶಾಲೆಯ ಭಾಷೆಯಲ್ಲಿ ನೀರು ಕೇಳಿತು. ನೀವು “ಏನಂದೆ? ನಂಗೆ ಗೊತ್ತಾಗ್ಲಿಲ್ಲ” ಅನ್ನಬಹುದು. “ನೀರು ಬೇಕಾ?” ಅಂತ ಕೇಳಬಹುದು. “ಓ, ನೀರು ಬೇಕು” ಅಂತ ಕನ್ನಡದಲ್ಲಿ ಹೇಳಿ ತೋರಿಸಬಹುದು. ಏನೂ ಹೇಳದೆ ನೀರು ಕೊಟ್ಟು ಮುಂದೆ ಹೋಗಬಹುದು. ಇಲ್ಲವೇ ನೀವೇ ಅದರ ಭಾಷೆಗೆ ಜಾರಬಹುದು. ಮೇಲಿಂದ ಕೆಳಗೆ ಬಂದಷ್ಟೂ ಮಗುವಿಗೆ ಕನ್ನಡದ ಅಗತ್ಯ ಕಮ್ಮಿ ಆಗುತ್ತಾ ಹೋಗುತ್ತದೆ.

ಮೊದಲನೆಯದು ಭಾರೀ ಶಕ್ತಿಶಾಲಿ ಅಂತ ನಾನು ಎರಡು ದಿನ ಅದನ್ನೇ ಹಿಡಿದೆ. ಮೂರನೇ ದಿನ ಮಗಳು, ನಾನು ಪಕ್ಕದ ಮನೆಯವರ ಜೊತೆ ಅದೇ ಭಾಷೆಯಲ್ಲಿ ಮಾತಾಡಿ ಬಾಗಿಲು ಹಾಕುತ್ತಿದ್ದಂತೆ, ಸೊಂಟಕ್ಕೆ ಕೈ ಇಟ್ಟು ನೋಡಿದಳು. “ಗೊತ್ತಾಗುತ್ತೆ ನಿಂಗೆ” ಅಂದಳು. ಅಷ್ಟು ಚೊಕ್ಕ ಕನ್ನಡವನ್ನು ಅವಳು ಆ ವಾರ ಬೇರೆ ಆಡಿರಲಿಲ್ಲ. ಆಮೇಲೆ ನಾನು ಎರಡನೆಯದಕ್ಕೆ ಬಂದೆ. “ನೀರು ಬೇಕಾ, ಹಾಲು ಬೇಕಾ?” ಅಂತ ಎರಡನ್ನು ಮುಂದಿಡುವುದು. ತಲೆ ಆಡಿಸಿದರೆ ಆಗಲ್ಲ, ಒಂದು ಪದ ಆಡಲೇಬೇಕು. ಆ ಪದ ಆಗಷ್ಟೇ ಕಿವಿಗೆ ಬಿದ್ದಿರುತ್ತದೆ. ಆದರೆ ಮಗು ಅಳುತ್ತಿದ್ದರೆ, ಬಿದ್ದು ಬಂದಿದ್ದರೆ, ಶಾಲೆಯಲ್ಲಿ ಯಾರೋ ಏನೋ ಅಂದರು ಅಂತ ಹೇಳಲು ಒದ್ದಾಡುತ್ತಿದ್ದರೆ ಈ ಆಟ ಯಾವುದೂ ಬೇಡ. ಯಾವ ಭಾಷೆಯಲ್ಲಿ ಬರುತ್ತದೋ ಬರಲಿ. ನೀವು ಕನ್ನಡದಲ್ಲಿ ಸಮಾಧಾನ ಮಾಡಿ, ಅಷ್ಟೆ.

ಫ್ರಿಜ್ ಮೇಲಿನ ಹಾಳೆಗೆ ವಾಪಸ್ ಬರುತ್ತೇನೆ. ಕನ್ನಡಕ್ಕೆ ಕೆಲಸ ಕೊಡಬೇಕು ಅಂತ ನಾವಿಬ್ಬರೂ ಕೂತು ಯೋಚಿಸಿದೆವು. ಮಗು ಯಾವುದಕ್ಕೆ ಮನಸ್ಸಿಟ್ಟು ಮಾತಾಡುತ್ತದೆ? ಚೌಕಾಸಿಗೆ. ದೂರು ಹೇಳೋಕೆ. ಗುಟ್ಟು ಹೇಳೋಕೆ. ಸುಳ್ಳು ಹೇಳೋಕೆ. ಇನ್ನೊಬ್ಬರ ಮೇಲೆ ಅಧಿಕಾರ ನಡೆಸೋಕೆ. ಈ ಐದೂ ನಮ್ಮ ಮನೆಯಲ್ಲಿ ಶಾಲೆಯ ಭಾಷೆಯ ಪಾಲಾಗಿದ್ದವು.

ಅಧಿಕಾರದಿಂದ ಶುರು ಮಾಡಿದೆವು. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಅವಳು ಅಮ್ಮ, ನಾವಿಬ್ಬರೂ ಮಕ್ಕಳು. ಈ ಆಟದಲ್ಲಿ ನನಗೊಂದು ವಿಷಯ ಹೊಳೆಯಿತು. ನಾವು ಅವಳಿಗೆ ಹೇಳುವುದೆಲ್ಲ ‘ನೀನು’, ‘ಬಾ’, ‘ಹೋಗು’. ಚಿಕ್ಕವರು ದೊಡ್ಡವರನ್ನು ಮಾತಾಡಿಸುವುದು ಅವಳ ಕಿವಿಗೆ ಬಿದ್ದೇ ಇಲ್ಲ. ಮನೆ ತುಂಬ ಜನ ಇದ್ದರೆ ಅದು ಕೇಳುತ್ತಿತ್ತು. ಇಲ್ಲಿ ಯಾರಿದ್ದಾರೆ? ಅಜ್ಜನಿಗೆ “ಬಾ, ಕೂತ್ಕೋ” ಅಂದದ್ದು ಕೊಬ್ಬಲ್ಲ, ಅವಳ ಹತ್ತಿರ ಬೇರೆ ರೂಪವೇ ಇರಲಿಲ್ಲ. ಆಟದಲ್ಲಿ ನಾವು ಮಕ್ಕಳಾಗಿ “ಅಮ್ಮಾ, ನೀವು ಯಾವಾಗ ಬರ್ತೀರಿ? ನಮಗೆ ಕಥೆ ಹೇಳ್ತೀರಾ?” ಅಂತ ಗೋಗರೆದೆವು. ಮೂರು ವಾರ ಕಳೆಯಿತು. ಒಂದು ಭಾನುವಾರ ಅಜ್ಜನಿಗೆ “ನೀವು ಕನ್ನಡಕ ಹಾಕ್ಕೊಳ್ಳಿ, ಆಮೇಲೆ ತೋರಿಸ್ತೀನಿ” ಅಂದಳು. ಆ ಕಡೆ ಎರಡು ಕ್ಷಣ ಸದ್ದೇ ಇಲ್ಲ. ನೆಟ್‌ವರ್ಕ್ ಹೋಯ್ತು ಅಂದುಕೊಂಡೆ.

ಚೌಕಾಸಿಯ ನಿಯಮ ಸರಳ. ಇನ್ನೂ ಐದು ನಿಮಿಷ ಆಟ ಬೇಕಾ? ಕನ್ನಡದಲ್ಲಿ ಕೇಳಿದರೆ ಚರ್ಚೆಗೆ ಅವಕಾಶ ಉಂಟು. ಇದನ್ನು ಲಂಚ ಅನ್ನುವವರಿದ್ದಾರೆ. ಇರಲಿ. ಗುಟ್ಟು ಇನ್ನೂ ಸುಲಭ. ಬಸ್ಸಲ್ಲಿ ಪಕ್ಕದವರ ಟೋಪಿ ಬಗ್ಗೆ ಕಿವಿಯಲ್ಲಿ ಹೇಳಬೇಕು ಅಂದರೆ ಕನ್ನಡಕ್ಕಿಂತ ಒಳ್ಳೆ ಭಾಷೆ ಇಲ್ಲಿ ಯಾವುದಿದೆ? ಸುತ್ತ ಯಾರಿಗೂ ಬರದ ಭಾಷೆ ಅನ್ನೋದು ಮಗುವಿಗೆ ನಾಚಿಕೆಯ ವಿಷಯ ಆಗುವ ಮೊದಲು ಮಜಾ ಆಗಬೇಕು. ಟೋಪಿಯವರಿಗೆ ಕನ್ನಡ ಬಂದುಬಿಟ್ಟರೆ ಮಾತ್ರ ಕಷ್ಟ. ಒಮ್ಮೆ ಆಗಿದೆ. ಅದು ಬೇರೆ ಉಪನ್ಯಾಸ.

ದೂರು ಹೇಳೋಕೆ, ಜಗಳ ಆಡೋಕೆ ದೊಡ್ಡವರು ಸಾಲುವುದಿಲ್ಲ. ಇನ್ನೊಂದು ಮಗು ಬೇಕು. ದೊಡ್ಡವರು ಮಗುವಿನ ಮುರುಕು ಕನ್ನಡವನ್ನು ಹೇಗೋ ಅರ್ಥ ಮಾಡಿಕೊಂಡುಬಿಡುತ್ತಾರೆ. ಇನ್ನೊಂದು ಮಗು ಮಾಡಿಕೊಳ್ಳುವುದಿಲ್ಲ, “ಏನು?” ಅನ್ನುತ್ತದೆ. ಆ ‘ಏನು’ ನೂರು ಪಾಠಕ್ಕೆ ಸಮ. ಆದರೆ ಆ ಮಗುವಿಗೆ ಹೊರಗಿನ ಭಾಷೆ ಬರಬಾರದು. ಇಲ್ಲೇ ಬೆಳೆಯುತ್ತಿರುವ ಎರಡು ಕನ್ನಡದ ಮಕ್ಕಳನ್ನು ಒಂದು ಕೋಣೆಯಲ್ಲಿ ಬಿಡಿ, ಎರಡನೇ ನಿಮಿಷಕ್ಕೆ ಯಾವ ಭಾಷೆ ಕೇಳುತ್ತದೆ ಅಂತ ನಿಮಗೇ ಗೊತ್ತು. ನಾವು ಊರಲ್ಲಿರುವ ಅಣ್ಣನ ಮಗನನ್ನು ಹಿಡಿದೆವು. ಅವಳಿಗಿಂತ ಒಂದು ವರ್ಷ ದೊಡ್ಡವನು. ವಾರಕ್ಕೊಮ್ಮೆ ಕಾಲ್‌ನಲ್ಲಿ ಇಬ್ಬರೂ ಗೊಂಬೆ ತೋರಿಸಿಕೊಂಡು ಕಿತ್ತಾಡುತ್ತಾರೆ. ನಾವು ಕೋಣೆಯಿಂದ ಆಚೆ ಬಂದುಬಿಡುತ್ತೇವೆ.

ತಪ್ಪುಗಳ ಬಗ್ಗೆ. ಮಗಳು ಒಂದು ದಿನ “ನಾನು ಅವಳಿಗೆ ಪೆನ್ಸಿಲ್ ಕೊಡಿದೆ” ಅಂದಳು. ನನ್ನ ಗಂಡ ತಿದ್ದಲು ಬಾಯಿ ತೆರೆದರು, ನಾನು ಮೊಣಕೈಯಲ್ಲಿ ತಿವಿದೆ. ‘ಕೊಡಿದೆ’ ಅಂತ ನಾವು ಯಾರೂ ಅವಳ ಮುಂದೆ ಹೇಳಿಲ್ಲ. ಮಾಡು-ಮಾಡಿದೆ, ನೋಡು-ನೋಡಿದೆ, ಹಾಗೇ ಕೊಡು-ಕೊಡಿದೆ. ಅಂದರೆ ಕನ್ನಡದ ಕಟ್ಟು ತಲೆಯೊಳಗೆ ಕೂತಿದೆ, ತಾನಾಗಿ ಪದ ಹೊಸೆಯುತ್ತಿದ್ದಾಳೆ. ಕೇಳಿದ್ದನ್ನು ಒಪ್ಪಿಸುವ ಮಗು ಇಂಥ ತಪ್ಪು ಮಾಡುವುದಿಲ್ಲ. ನಾನು “ಓ, ಕೊಟ್ಯಾ? ಅವಳೇನಂದ್ಲು?” ಅಂದೆ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. “ಅಪ್ಪ ಬಂತು” ಅನ್ನುವುದೂ ಹಾಗೇ. ನಾವು ‘ಮಗು ಬಂತು’, ‘ಪಾಪು ಬಿತ್ತು’ ಅಂತ ಆಡಿದ್ದನ್ನು ಅವಳು ಅಪ್ಪನಿಗೂ ಹಚ್ಚಿದ್ದಾಳೆ. ದಯವಿಟ್ಟು ನಗಬೇಡಿ. ಅದರಲ್ಲೂ ರಜಕ್ಕೆ ಊರಿಗೆ ಹೋದಾಗ ನೆಂಟರು ಸುತ್ತ ಕೂತು “ಇನ್ನೊಂದ್ಸಲ ಹೇಳು ಪುಟ್ಟಾ” ಅಂತ ನಗುತ್ತಾರಲ್ಲ, ಅದನ್ನು ತಡೆಯಿರಿ. ಎಷ್ಟೋ ಮಕ್ಕಳ ಕನ್ನಡ ನಿಂತದ್ದು ಹಾಗೆ ಕೂತ ನಡುಮನೆಯಲ್ಲಿ.

ನಮ್ಮ ಕನ್ನಡಕ್ಕೂ ಕೆಲಸ ಬಿತ್ತು. ಸಾಕ್ಸ್ ಹಾಕುವಾಗ ಅವಳು ಪಾದದ ಹಿಂಭಾಗ ತೋರಿಸಿ ಇದೇನು ಅಂದಳು. ನನಗೆ ನೆನಪಾಗಲಿಲ್ಲ. ಗಂಡನಿಗೂ ಇಲ್ಲ. ಮಧ್ಯಾಹ್ನ ಕೆಲಸದ ನಡುವೆ, ಯಾವುದೋ ಮೀಟಿಂಗ್‌ನಲ್ಲಿ, ‘ಹಿಮ್ಮಡಿ’ ಅಂತ ಹೊಳೆಯಿತು. ಅಲ್ಲೇ ಗಂಡನಿಗೆ ಮೆಸೇಜ್ ಹಾಕಿದೆ. ಬೇರೇನೂ ಇಲ್ಲ, ಅದೊಂದೇ ಪದ.

ಓದಿನ ಬಗ್ಗೆ ಎರಡೇ ಮಾತು. ಅಕ್ಷರಕ್ಕೆ ಅವಸರ ಬೇಡ. ಮಾತು ಗಟ್ಟಿಯಾದ ಮಗುವಿಗೆ ಅಕ್ಷರ ಆಮೇಲೂ ಹತ್ತುತ್ತದೆ. ಆದರೆ ಓದಿ ಹೇಳುವುದನ್ನು ಹಸುಗೂಸಿನಿಂದಲೇ ಶುರು ಮಾಡಿ. ಪುಸ್ತಕದಲ್ಲಿ ‘ಹೋಗುತ್ತೇನೆ’ ಅಂತ ಇರುತ್ತದೆ, ಮನೆಯಲ್ಲಿ ನಾವು ‘ಹೋಗ್ತೀನಿ’ ಅನ್ನುತ್ತೇವೆ. ಮೊದಮೊದಲು ನಿಮ್ಮ ಕಡೆಯ ಮಾತಿಗೇ ಬಗ್ಗಿಸಿ ಓದಿ, ಯಾರೂ ಜಗಳಕ್ಕೆ ಬರುವುದಿಲ್ಲ.

ಒಬ್ಬರು ಕೇಳಿದರು: “ನಮ್ಮ ಮಗನಿಗೆ ಏಳು ವರ್ಷ. ಅರ್ಥ ಆಗುತ್ತೆ, ಮಾತಾಡಲ್ಲ. ತಡ ಆಯ್ತಾ?” ಅರ್ಥ ಆಗುತ್ತದೆ ಅಂದರೆ ಅರ್ಧ ಮನೆ ಕಟ್ಟಿದೆ. ನಾಳೆಯಿಂದ ಬರೀ ಕನ್ನಡ ಅಂತ ಕಟ್ಟಪ್ಪಣೆ ಹೊರಡಿಸಬೇಡಿ, ಏಳು ವರ್ಷದವನು ತಿರುಗಿಬೀಳುತ್ತಾನೆ. ದಿನದಲ್ಲಿ ಒಂದು ಹೊತ್ತು, ಒಂದು ಕೆಲಸ ಆರಿಸಿ. ಅವನಿಗೆ ಇಷ್ಟ ಇರುವ ಕೆಲಸ. ಕಾರಿನಲ್ಲಿ ಹೋಗುವಾಗ ಮಾತ್ರ ಕನ್ನಡ ಅಂತಲೋ, ಚೆಸ್ ಆಡುವಾಗ ಮಾತ್ರ ಅಂತಲೋ. ಅದು ಅಭ್ಯಾಸ ಆದಮೇಲೆ ಇನ್ನೊಂದು. ಸಾಧ್ಯ ಇದ್ದರೆ ರಜದಲ್ಲಿ ನಾಲ್ಕು ವಾರ ಅವನನ್ನು ಆ ಭಾಷೆ ಬಿಟ್ಟರೆ ಗತಿ ಇಲ್ಲದ ಮಕ್ಕಳ ನಡುವೆ ಬಿಡಿ. ನೆಂಟರಿಗೆ ನಗಬೇಡಿ ಅಂತ ಮೊದಲೇ ಹೇಳಿಟ್ಟು.

ಇನ್ನೊಬ್ಬರದು: “ನನ್ನ ಹೆಂಡತಿಗೆ ಕನ್ನಡ ಬರಲ್ಲ. ನಾನು ಮಗನ ಜೊತೆ ಕನ್ನಡ ಆಡಿದರೆ ಅವಳು ಹೊರಗುಳಿದ ಹಾಗೆ ಆಗುತ್ತೆ.” ನಿಜ, ಇದು ಕಷ್ಟದ್ದು. ಅವರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ನಾನು ಕಂಡ ಒಂದು ಮನೆಯಲ್ಲಿ ತಾಯಿ ಮಗುವಿನಿಂದಲೇ ಕಲಿತರು. ಮೂರು ವರ್ಷದ ಮೇಷ್ಟ್ರು, ಮೂವತ್ತೈದರ ಶಿಷ್ಯೆ. ತನ್ನ ಭಾಷೆಗೆ ಅಷ್ಟು ದೊಡ್ಡ ಕೆಲಸ ಸಿಕ್ಕಿದ ಮಗು ಅದನ್ನು ಬಿಟ್ಟೀತಾ?

ಸುಳ್ಳಿನ ವಿಷಯ ಬಾಕಿ ಉಳಿಯಿತು. ಸುಳ್ಳಿಗೆ ಒಳ್ಳೆಯ ಭಾಷೆ ಬೇಕು. ತೊದಲಿದರೆ ಸಿಕ್ಕಿಬೀಳುತ್ತಾರೆ. ಅದಕ್ಕೇ ಮಗಳು ಸುಳ್ಳನ್ನು ತನ್ನ ಗಟ್ಟಿ ಭಾಷೆಯಲ್ಲೇ ಹೇಳುತ್ತಿದ್ದಳು. ಅದನ್ನು ನಾವು ಕಲಿಸೋಕೂ ಆಗಲ್ಲ ಅಲ್ವಾ, ಸುಮ್ನೆ ಕಾದೆವು. ಅವಳಿಗೆ ಆರು ತುಂಬಿ ಎರಡು ತಿಂಗಳಾಗಿತ್ತು. ಸಂಜೆ ಮನೆಗೆ ಬಂದರೆ ಗೋಡೆಯ ಮೇಲೆ ಹಸಿರು ಕ್ರೇಯಾನ್‌ನ ಉದ್ದ ಗೆರೆ. ಬಾಗಿಲಿಂದ ಕಿಟಕಿವರೆಗೆ. “ಯಾರು ಮಾಡಿದ್ದು ಇದು?” ಅಂದೆ.

“ನಂಗೊತ್ತಿಲ್ಲಮ್ಮ. ನಾನು ಬರೋಷ್ಟರಲ್ಲಿ ಅದು ಅಲ್ಲೇ ಇತ್ತು.”

ಬೈದೆ. ಬಟ್ಟೆ ಕೊಟ್ಟು ಒರೆಸಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ. ಗಾಬರಿಯಿಂದ ಎತ್ತಿದರು. ವಿಷಯ ಹೇಳಿದೆ. “ಏನಂದ್ಲು? ಬರೋಷ್ಟರಲ್ಲಿ ಅಂದ್ಲಾ? ಇನ್ನೊಂದ್ಸಲ ಹೇಳು” ಅಂದರು. ಹೇಳಿದೆ. ಆ ಕಡೆ ಅಮ್ಮನನ್ನು ಎಬ್ಬಿಸುವ ಸದ್ದು ಕೇಳಿಸಿತು.